ಕೋಬಾಲ್ಟ್ ದಾಟುವ ಅತಿವಾಹಕ ಪ್ರವಾಹ: ಟ್ರಿಪ್ಲೆಟ್ ಜಂಕ್ಷನ್ ಕಟ್ಟಿ ಅಳೆಯುವ ಬಗೆ

ಎರಡು ಅತಿವಾಹಕ ನಿಯೋಬಿಯಂ ಪದರಗಳ ನಡುವೆ ಕಾಂತೀಯ ಲೋಹವಾದ ಕೋಬಾಲ್ಟ್ ಇಟ್ಟು ಕಟ್ಟಿದ್ದು ಈ ಜಂಕ್ಷನ್. ಅತಿವಾಹಕದಲ್ಲಿ ರೋಧವಿಲ್ಲದೆ ಪ್ರವಾಹ ಹೊರುವುದು ಕೂಪರ್ ಜೋಡಿ, ಅಂದರೆ ಜೊತೆಗೂಡಿದ ಎರಡು ಎಲೆಕ್ಟ್ರಾನ್‌ಗಳು. ನಿಯೋಬಿಯಂನಲ್ಲಿ ಆ ಎರಡರ ಸ್ಪಿನ್ (ಎಲೆಕ್ಟ್ರಾನ್‌ನ ಪುಟ್ಟ ಕಾಂತೀಯ ಗುಣ) ವಿರುದ್ಧ ದಿಕ್ಕಿಗಿರುತ್ತದೆ. ಕೋಬಾಲ್ಟ್‌ನೊಳಗೆ ಹೊಕ್ಕರೆ ಆ ಜೋಡಿ ಕೆಲವೇ ನ್ಯಾನೋಮೀಟರ್‌ಗಳಲ್ಲಿ ಮುರಿಯುತ್ತದೆ. ಎರಡೂ ಸ್ಪಿನ್ ಒಂದೇ ದಿಕ್ಕಿಗಿರುವ ಟ್ರಿಪ್ಲೆಟ್ ಜೋಡಿ ಮಾತ್ರ ಬಹುದೂರ ಹೋಗಬಲ್ಲದು. ಅದು ಹುಟ್ಟಲು ಅಕ್ಕಪಕ್ಕದ ಕಾಂತೀಯ ಪದರಗಳ (ಇಲ್ಲಿ ನಿಕ್ಕೆಲ್ ಮತ್ತು ಕೋಬಾಲ್ಟ್) ಕಾಂತತ್ವದ ದಿಕ್ಕು ಒಂದೇ ರೇಖೆಯಲ್ಲಿರದೆ ಓರೆಯಾಗಿ ಅಥವಾ ಲಂಬವಾಗಿರಬೇಕು. ಇಡೀ ಕೆಲಸ ನಿಂತಿರುವುದು ಈ ಒಂದು ಷರತ್ತಿನ ಮೇಲೆ.

ಸ್ಪಟರಿಂಗ್‌ನಲ್ಲಿ (ಅಯಾನ್‌ಗಳ ಹೊಡೆತದಿಂದ ಲೋಹದ ಪರಮಾಣು ಎಬ್ಬಿಸಿ ತೆಳು ಪದರ ಕೂರಿಸುವ ವಿಧಾನ), ನಿರ್ವಾತ ಮುರಿಯದೆ, ಕೆಳಗಿನಿಂದ ಮೇಲಕ್ಕೆ ಪದರಗಳನ್ನು ಹಾಕಿ: ನಿಯೋಬಿಯಂ 150 ನ್ಯಾನೋಮೀಟರ್, ತಾಮ್ರ 5, ನಿಕ್ಕೆಲ್ 1.5, ತಾಮ್ರ 10, ಕೋಬಾಲ್ಟ್ 6, ರುಥೇನಿಯಂ 0.6, ಕೋಬಾಲ್ಟ್ 6, ತಾಮ್ರ 10, ನಿಕ್ಕೆಲ್ 1.5, ತಾಮ್ರ 5, ನಿಯೋಬಿಯಂ 25, ಕೊನೆಗೆ ಚಿನ್ನ 15. ಶುರುವಿಗೆ ಮುಂಚೆ ಒತ್ತಡ 10⁻⁸ ಟಾರ್ ಮಟ್ಟಕ್ಕಿಳಿದಿರಲಿ. ನಿಯೋಬಿಯಂ ಆಕ್ಸಿಜನ್ ಹೀರುತ್ತದೆ. ನೂರು ಪರಮಾಣುಗಳಿಗೆ ಒಂದು ಆಕ್ಸಿಜನ್ ಸೇರಿದರೂ ಅದು ಅತಿವಾಹಕವಾಗುವ 9.2 ಕೆಲ್ವಿನ್ ಸಂಕ್ರಮಣ ತಾಪ ಸುಮಾರು 0.9 ಕೆಲ್ವಿನ್ ಇಳಿಯುತ್ತದೆ.

ರುಥೇನಿಯಂ ದಪ್ಪದಲ್ಲಿ ರಾಜಿ ಬೇಡ. 0.6ರಲ್ಲಿ ಎರಡು ಕೋಬಾಲ್ಟ್ ಪದರಗಳು ಒಂದಕ್ಕೊಂದು ಎದುರುಮುಖವಾಗಿ ನಿಂತು ತಮ್ಮ ಕಾಂತೀಯ ಫ್ಲಕ್ಸನ್ನು ರದ್ದು ಮಾಡಿಕೊಳ್ಳುತ್ತವೆ. ದಪ್ಪ ತಪ್ಪಿದರೆ ಆ ಫ್ಲಕ್ಸ್ ಉಳಿದು ಅಳತೆಯನ್ನೇ ಕಲಕುತ್ತದೆ.

ಲಿಥೋಗ್ರಫಿಯಿಂದ (ಬೆಳಕಿನಿಂದ ಆಕಾರ ಮೂಡಿಸುವುದು) ಗುರುತು ಮಾಡಿ, ಅಯಾನ್ ಮಿಲ್ಲಿಂಗ್‌ನಿಂದ (ಅಯಾನ್ ಕಿರಣದಿಂದ ಕೊರೆಯುವುದು) 20 ಮೈಕ್ರೋಮೀಟರ್ ವ್ಯಾಸದ ಕಂಬ ಕೆತ್ತಿ, ಸುತ್ತ ಸಿಲಿಕಾನ್ ಆಕ್ಸೈಡ್ ತುಂಬಿ, ಮೇಲೆ ನಿಯೋಬಿಯಂ ಹಾಕಿ. ಮಿಲ್ಲಿಂಗ್‌ನಲ್ಲಿ ಎದ್ದ ಲೋಹ ಕಂಬದ ಗೋಡೆಗೆ ಅಂಟಿದರೆ ಶಾರ್ಟ್ ಆಗುತ್ತದೆ.

ಈಗ ಅತಿ ಮುಖ್ಯ ಹೆಜ್ಜೆ. ಪದರಗಳ ಸಮತಲದಲ್ಲಿ ಸುಮಾರು 0.2–0.3 ಟೆಸ್ಲಾ ಕ್ಷೇತ್ರ ಕೊಟ್ಟು ಸೊನ್ನೆಗಿಳಿಸಿ. ನಿಕ್ಕೆಲ್ ಕ್ಷೇತ್ರದ ದಿಕ್ಕಿನಲ್ಲೇ ಉಳಿಯುತ್ತದೆ, ಕೋಬಾಲ್ಟ್ ಜೋಡಿ ಅದಕ್ಕೆ ಲಂಬವಾಗಿ ತಿರುಗುತ್ತದೆ. ಇದರಿಂದಲೇ ಕ್ರಾಂತಿಕ ಪ್ರವಾಹ (ವೋಲ್ಟೇಜ್ ಇಲ್ಲದೆ ಜಂಕ್ಷನ್ ದಾಟಬಲ್ಲ ಗರಿಷ್ಠ ಪ್ರವಾಹ) ಹಲವು ಪಟ್ಟು ಏರಬಹುದು. ತಣ್ಣಗಿದ್ದಾಗಲೇ ಕ್ಷೇತ್ರ ಕೊಟ್ಟಿದ್ದರೆ ನಿಯೋಬಿಯಂನಲ್ಲಿ ಫ್ಲಕ್ಸ್ ಸಿಕ್ಕಿಕೊಂಡಿರುತ್ತದೆ. 10 ಕೆಲ್ವಿನ್ ದಾಟಿಸಿ, ಕ್ಷೇತ್ರವಿಲ್ಲದೆ ಮತ್ತೆ 4.2ಕ್ಕೆ ಇಳಿಸಿ.

ಕಂಬದ ರೋಧ ಕೆಲವು ಹತ್ತು ಮೈಕ್ರೋಓಮ್ ಅಷ್ಟೇ. ಸಾಮಾನ್ಯ ವೋಲ್ಟ್‌ಮೀಟರ್‌ಗೆ ಅದು ಸಿಗುವುದಿಲ್ಲ. ಸ್ಕ್ವಿಡ್ (ಅತಿ ಸಣ್ಣ ಸಂಕೇತವನ್ನೂ ಗುರುತಿಸುವ ಅತಿವಾಹಕ ಸಂವೇದಕ) ಆಧಾರಿತ ಮೀಟರ್ ಬೇಕು. ಕ್ಷೇತ್ರ ಬದಲಿಸುತ್ತ ಕ್ರಾಂತಿಕ ಪ್ರವಾಹ ಅಳೆದರೆ ಫ್ರಾನ್‌ಹೋಫರ್ ವಿನ್ಯಾಸ ಬರಬೇಕು: ನಡುವೆ ಎತ್ತರದ ಶಿಖರ, ಅಕ್ಕಪಕ್ಕ ಏರಿಳಿಯುತ್ತ ಕುಗ್ಗುವ ಶಿಖರಗಳು, ಮೊದಲ ಕನಿಷ್ಠ ಬಿಂದು ನಡು ಶಿಖರದಿಂದ ಸುಮಾರು 0.6 ಮಿಲಿಟೆಸ್ಲಾ ದೂರದಲ್ಲಿ. ವಿನ್ಯಾಸವೇ ಇಲ್ಲದಿದ್ದರೆ ಶಾರ್ಟ್ ಹುಡುಕಿ. ಕಾಂತೀಯಗೊಂಡ ನಿಕ್ಕೆಲ್‌ನಿಂದಲೇ ಅದು ತುಸು ಪಕ್ಕಕ್ಕೆ ಸರಿಯುತ್ತದೆ. ಅದಕ್ಕೂ ಮೀರಿ ಸರಿದಿದ್ದರೆ ಅಥವಾ ಕಲಕಿದ್ದರೆ ರುಥೇನಿಯಂ ದಪ್ಪವನ್ನು ಇಲ್ಲವೇ ಸಿಕ್ಕಿಬಿದ್ದ ಫ್ಲಕ್ಸನ್ನು ಶಂಕಿಸಿ.

ಒಂದೇ ಮಾದರಿಯಲ್ಲಿ ಪ್ರವಾಹ ಕಂಡಿತೆಂದು ಟ್ರಿಪ್ಲೆಟ್ ಎನ್ನಬೇಡಿ. ಒಟ್ಟು ಕೋಬಾಲ್ಟ್ ದಪ್ಪ 12ರಿಂದ 28 ನ್ಯಾನೋಮೀಟರ್‌ವರೆಗಿನ ಎರಡು ಸರಣಿ ಮಾಡಿ, ಒಂದರಲ್ಲಿ ನಿಕ್ಕೆಲ್ ಬಿಟ್ಟುಬಿಡಿ. ನಿಕ್ಕೆಲ್ ಇಲ್ಲದ ಸರಣಿಯಲ್ಲಿ ಕ್ರಾಂತಿಕ ಪ್ರವಾಹ ಪ್ರತಿ 2.3 ನ್ಯಾನೋಮೀಟರ್‌ಗೆ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಉಳಿಯುವಂತೆ ಕುಸಿಯುತ್ತ, ಕೊನೆಗೆ ಸಾವಿರದಲ್ಲೊಂದಾಗುತ್ತದೆ. ನಿಕ್ಕೆಲ್ ಇರುವುದರಲ್ಲಿ ಹೆಚ್ಚುಕಡಿಮೆ ಸಮವಾಗಿಯೇ ಉಳಿಯುತ್ತದೆ. ಉಳಿಯದಿದ್ದರೆ ನಿಕ್ಕೆಲ್ ದಪ್ಪವನ್ನು 1ರಿಂದ 2ರ ನಡುವೆ ಬದಲಿಸಿ ನೋಡಿ: ತೀರಾ ತೆಳುವಾದರೆ ಟ್ರಿಪ್ಲೆಟ್ ಹುಟ್ಟುವುದಿಲ್ಲ, ದಪ್ಪವಾದರೆ ಅದಕ್ಕೂ ಮೊದಲೇ ಮೂಲ ಜೋಡಿ ಮುರಿದಿರುತ್ತದೆ.