ಕಾಳಿ ಅಳಿವೆಗೆ ಒಂದೇ ಗಾಳ: ಕೋಲು, ರೀಲು, ದಾರ

ಕಾರವಾರದ ಕಾಳಿ ಅಳಿವೆಯಲ್ಲಿ ಸೀಬಾಸ್, ಕೆಂಬೇರಿ ಎರಡೂ ಮೀನಿಗೆ ಆಗುವ ಒಂದೇ ಕೋಲು ಬೇಕೆಂದರೆ 8 ಅಡಿಯ, ಎರಡು ತುಂಡಿನ, 10ರಿಂದ 30 ಗ್ರಾಂ ಲೂರ್ (ಕೃತಕ ಎರೆ) ಎಸೆಯುವ ಮೀಡಿಯಂ ಹೆವಿ, ಅಂದರೆ ಮಧ್ಯಮಕ್ಕಿಂತ ತುಸು ಗಟ್ಟಿಯಾದ, ಸ್ಪಿನ್ನಿಂಗ್ ರಾಡ್ ಸಾಕು. 10 ಅಡಿಯದು ದೂರ ಎಸೆಯುತ್ತದೆ ನಿಜ, ಆದರೆ ಕಾಂಡ್ಲಾ ಗಿಡಗಳ ಬುಡದಲ್ಲಿ ದೋಣಿಯೊಳಗೆ ಕೂತಾಗ ಬರೀ ತೊಡಕು. ರೀಲು 4000 ಎಂಬ ಗಾತ್ರಸಂಖ್ಯೆಯದಿರಲಿ.

ತಲೆಕೆಡಿಸಿಕೊಳ್ಳಬೇಕಾದ್ದು ದಾರಕ್ಕೆ. 20 ಪೌಂಡ್ ಎಳೆತ ತಡೆಯುವ ಬ್ರೇಡ್ (ಹೆಣೆದ ದಾರ), 200 ಮೀಟರ್. ಅದನ್ನು ನೇರ ಸ್ಪೂಲಿಗೆ ಕಟ್ಟಿದರೆ ಇಡೀ ಸುತ್ತೇ ಜಾರಿ ತಿರುಗುತ್ತದೆ, ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ಹಿಡಿತದಲ್ಲಿ ಬಿಡುವ ರೀಲಿನ ಬ್ರೇಕ್) ಕೆಟ್ಟಿದೆ ಎಂದುಕೊಳ್ಳುತ್ತೀರಿ. ಅಡಿಗೆ ಹತ್ತು ಸುತ್ತು ತಂಗೂಸು (ನೈಲಾನ್ ದಾರ) ಹಾಕಿ. ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿ, ಸ್ಪೂಲಿನ ಅಂಚಿಗೆ 2 ಮಿಲಿಮೀಟರ್ ಬಿಡಿ. ತುಂಬಿ ತುಳುಕಿದರೆ ಎಸೆದಾಗ ಗೊಂಚಲಾಗಿ ಹಾರುತ್ತದೆ.

ತುದಿಗೆ 40 ಪೌಂಡ್ ಫ್ಲೋರೋಕಾರ್ಬನ್ ಲೀಡರ್ (ಉಜ್ಜಾಟ ತಡೆಯುವ ದಪ್ಪ ತುದಿದಾರ) ಮೂರು ಅಡಿ. ಎರಡೂ ದಾರ ಜೋಡಿಸುವ ಗಂಟು ಡಬಲ್ ಯೂನಿ: ಬ್ರೇಡ್ ಕಡೆ ಎಂಟು ಸುತ್ತು, ಲೀಡರ್ ಕಡೆ ನಾಲ್ಕು. ಉಗುಳು ಹಚ್ಚಿ ನಿಧಾನ ಎಳೆಯಿರಿ. ಒಣಗಂಟು ತಿಕ್ಕಾಟದ ಬಿಸಿಗೇ ಸೊರಗುತ್ತದೆ. ಸೇತುವೆ ಕಂಬದ ಚಿಪ್ಪಿಗೆ ಬರೀ ಬ್ರೇಡ್ ತಾಗಿದರೆ ಮುಗಿಯಿತು. ಸೀಬಾಸ್‌ನ ಕಿವಿರಿನ ಅಂಚೂ ಬ್ಲೇಡೇ.

ಡ್ರ್ಯಾಗನ್ನು ತೂಕದ ಕೊಕ್ಕೆಯಲ್ಲಿ ಎಳೆದು, ಎರಡೂವರೆ ಕಿಲೋಗೆ ಜಾರುವಂತೆ ಇಡಿ. ಮನೆಗೆ ಬಂದ ಮೇಲೆ ಡ್ರ್ಯಾಗ್ ಬಿಗಿಮಾಡಿ ಸಿಹಿನೀರು ಚಿಮುಕಿಸಿ, ಒರೆಸಿ, ಮತ್ತೆ ಸಡಿಲಿಸಿಡಿ.