ರಾಯಚೂರಿನ ಹಿತ್ತಲಲ್ಲಿ ವರ್ಷವಿಡೀ ಕೂರುವ ಜಾಗ

ರಾಯಚೂರಿನಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ, ಹಿತ್ತಲಲ್ಲಿ ಕೂರುವ ಜಾಗವನ್ನು ಮೊದಲು ಬಿಸಿಲಿಗೆ ತಕ್ಕಂತೆ ಯೋಜಿಸಿ, ಬಳಿಕ ಮಳೆ ಮತ್ತು ಚಳಿಗೆ ಹೊಂದಿಸಿಕೊಳ್ಳಬೇಕು. ಮನೆಯ ಪೂರ್ವ ಬದಿಯನ್ನು ಆರಿಸಿದರೆ ಸಂಜೆ ಮನೆಯ ನೆರಳೂ ಚಳಿಗಾಲದ ಬೆಳಗಿನಲ್ಲಿ ಎಳೆಬಿಸಿಲೂ ಸಿಗುತ್ತವೆ.

ನಿಜವಾದ ತೊಡಕು ನೆಲದ್ದು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅದರ ಮೇಲೆ ನೇರವಾಗಿ ಹಾಸಿದ ಕಲ್ಲು ಏರುಪೇರಾಗುತ್ತದೆ. ಆದುದರಿಂದ ಮೇಲಿನ ಎರೆಯನ್ನು ತೆಗೆಸಿ, ಗರಸನ್ನು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣನ್ನು) ಪದರಪದರವಾಗಿ ತುಂಬಿಸಿ, ನೀರು ಹಾಕಿ ದಮ್ಮಸ್ಸು ಮಾಡಿಸಿದ ಮೇಲೆಯೇ ಶಹಾಬಾದ್ ಕಲ್ಲನ್ನು ಹಾಸಿಸಬೇಕು. ಮೀಟರಿಗೆ ಒಂದೆರಡು ಸೆಂಟಿಮೀಟರಿನಷ್ಟು ಇಳಿಜಾರು ಮನೆಯಿಂದ ಹೊರಮುಖವಾಗಿರಲಿ.

ತಗಡಿನ ಮಾಡು ಅನುಕೂಲವೆನಿಸಿದರೂ ಮಧ್ಯಾಹ್ನ ಅದರಡಿ ಕೂರಲಾಗದು. ಬಿದಿರು ತಟ್ಟಿಯ ಚಪ್ಪರವೇ ಲೇಸು, ಮಳೆಗಾಲಕ್ಕೆ ಮಾತ್ರ ಮೇಲೆ ತಾಡಪತ್ರಿ ಕಟ್ಟಬೇಕು. ನೆರಳಿಗೆ ಬೇವು ಅಥವಾ ಹೊಂಗೆಯನ್ನು ಪಾಯದಿಂದ ಸಾಕಷ್ಟು ದೂರದಲ್ಲಿ ನೆಡಬಹುದು.