ಹಳೆಯ ಮೇಜಿನ ಬಣ್ಣವನ್ನು ಗಾಢವಾಗಿಸಿದ ಬಗೆ

ಹಳೆಯ ವಾರ್ನಿಷ್ ಇದ್ದ ಮೇಜಿಗೆ ಹಚ್ಚಿದ ಗಾಢ ಸ್ಟೇನ್ (ಮರದೊಳಗೆ ಇಳಿದು ಬಣ್ಣ ಕೊಡುವ ದ್ರವ) ಮರಕ್ಕೆ ಇಳಿಯದೆ ಮೇಲೆಯೇ ನಿಂತು, ಮೂರು ದಿನ ಕಳೆದರೂ ಬೆರಳಿಗೆ ಅಂಟುತ್ತಿತ್ತು. ಎರಡನೆಯ ಪದರ ಹಚ್ಚಿದ್ದಾಗಲಿ, ಬಿಸಿಲಿಗಿಟ್ಟದ್ದಾಗಲಿ, ಕಂದು ಮೇಣ ಉಜ್ಜಿದ್ದಾಗಲಿ ಫಲಿಸಲಿಲ್ಲ. ಸ್ಟೇನ್ ಹಿಡಿಯಲು ಬರಿಯ ಮರ ಬೇಕು. ಹಳೆಯ ಲೇಪ ಉಳಿಯಬೇಕಾದರೆ ಬಣ್ಣವನ್ನು ಹೊಸ ಲೇಪದಲ್ಲೇ ಬೆರೆಸಬೇಕು.

ಟರ್ಪೆಂಟೈನ್‌ನಿಂದ ಅಂಟುವ ಸ್ಟೇನ್, ಮೇಣ ಎಲ್ಲವನ್ನೂ ಒರೆಸಿ ತೆಗೆದು, ಒಣಗಿದ ಮೇಲೆ 320ರ ನಯವಾದ ಉಪ್ಪುಕಾಗದದಿಂದ ಹೊಳಪು ಮಾಸುವಷ್ಟು ಮಾತ್ರ ಉಜ್ಜಿದೆ. ಒಂದು ಲೀಟರ್ ಸ್ಪಿರಿಟ್‌ನಲ್ಲಿ (ಆಲ್ಕೋಹಾಲ್) 120 ಗ್ರಾಂ ಮೇಣ ತೆಗೆದ ಅರಗನ್ನು (ಶೆಲ್ಯಾಕ್) ಕರಗಿಸಿ, ಮೊದಲು ಬಣ್ಣವಿಲ್ಲದ ಒಂದು ಪದರ ಕೊಟ್ಟು, ಬಳಿಕ ಅದೇ ದ್ರಾವಣಕ್ಕೆ ಸ್ಪಿರಿಟ್‌ನಲ್ಲಿ ಕರಗುವ ಕಂದು ಬಣ್ಣವನ್ನು ತೆಳು ಚಹಾದಷ್ಟೇ ತಿಳಿಯಾಗಿ ಬೆರೆಸಿ, ಗಂಟೆಗೊಂದರಂತೆ ನಾಲ್ಕು ಪದರ ಹಚ್ಚಿದೆ. ಎಳೆದ ಜಾಗಕ್ಕೆ ಮತ್ತೆ ಕುಂಚ ತಾಗಿದರೆ ಕೆಳಗಿನ ಪದರ ಕರಗಿ ಪಟ್ಟೆ ಮೂಡುತ್ತದೆ. ಕೊನೆಗೆ ಬಣ್ಣವಿಲ್ಲದ ಎರಡು ಪದರ ಹಚ್ಚಿದೆ.